ಲೀಡ್ಸ್‌ನಲ್ಲಿ ಒಂಬತ್ತು ಇಂಚಿನ ಗೋಡೆ ಒಣಗಿಸಿದ್ದು

ಇಂಗ್ಲೆಂಡಿನಲ್ಲಿ ಹಳೆ ಮನೆ ತೆಗೆದುಕೊಂಡು ನಾವೇ ರಿಪೇರಿ ಮಾಡೋಣ ಅಂದುಕೊಂಡವರಿಗೆ ಮೊದಲು ಎದುರಾಗುವುದು ತೇವ. ನಮಗೂ ಹಾಗೇ ಆಯಿತು. ನಮ್ಮದು ಲೀಡ್ಸ್ ನಗರದಲ್ಲಿ 1900ರ ಆಸುಪಾಸು ಕಟ್ಟಿದ ಕೆಂಪು ಇಟ್ಟಿಗೆಯ ಮನೆ. ಸಾಲು ಮನೆಗಳಲ್ಲಿ ಒಂದು. ಎಡಕ್ಕೂ ಬಲಕ್ಕೂ ಪಕ್ಕದವರ ಜೊತೆ ಹಂಚಿಕೊಂಡ ಗೋಡೆ, ಕೆಳಗೆ ಕಲ್ಲಿದ್ದಲು ಇಡುತ್ತಿದ್ದ ನೆಲಮಾಳಿಗೆ, ಮೇಲೆ ಎರಡು ಅಂತಸ್ತು, ಅದರ ಮೇಲೊಂದು ಅಟ್ಟದ ಕೋಣೆ. ನಾವು ಕೊಳ್ಳುವ ಹೊತ್ತಿಗೆ ಎರಡು ವರ್ಷಕ್ಕಿಂತ ಜಾಸ್ತಿ ಖಾಲಿ ಬಿದ್ದಿತ್ತು.

ಇಲ್ಲಿ ಬರೆಯುತ್ತಿರುವುದು ಇಡೀ ಮನೆಯ ಬಗ್ಗೆ ಅಲ್ಲ. ಬೀದಿ ಕಡೆಯ ಮುಂದಿನ ಕೋಣೆ, ಅದರ ಹೊರಗೋಡೆ, ಆ ಗೋಡೆಯಿಂದ ಹಾಳಾದ ಜಂತೆ (ನೆಲದ ಹಲಗೆಗಳನ್ನು ಹೊರುವ ಮರದ ತೊಲೆ), ಪಕ್ಕದ ಚಿಮಣಿ, ಇಷ್ಟೇ. ಅಡುಗೆಮನೆ, ವೈರಿಂಗ್ ಎಲ್ಲ ನಡುವೆ ಬಂದಷ್ಟು ಬರುತ್ತವೆ. ಹೊಸ ದೇಶದಲ್ಲಿ ಒಂದು ಗೋಡೆ ಸರಿಯಾಗಿ ಅರ್ಥವಾದರೆ ಉಳಿದ ಮನೆಯೂ ಅರ್ಥವಾಗುತ್ತಾ ಹೋಗುತ್ತದೆ. ಅದಕ್ಕೇ ಈ ಒಂದು ಗೋಡೆಯನ್ನೇ ಹಿಡಿದು ಬರೆಯುತ್ತಿದ್ದೇನೆ.

ನೋಡಿದಾಗ ಗೋಡೆ ಹೀಗಿತ್ತು. ನೆಲದಿಂದ ಮೊಣಕಾಲೆತ್ತರದವರೆಗೆ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಬೆರಳಲ್ಲಿ ಒತ್ತಿದರೆ ಕೆಳಗಿನ ಪ್ಲಾಸ್ಟರ್ ಪುಡಿಪುಡಿ. ಅದರ ಮೇಲೆ ಬಿಳಿ ಉಪ್ಪಿನ ನಯವಾದ ಎಳೆಗಳು. ಬ್ರಷ್‌ನಿಂದ ಗುಡಿಸಿದರೆ ಹೋಗುತ್ತವೆ, ವಾರ ಕಳೆದರೆ ಮತ್ತೆ ಬರುತ್ತವೆ. ಕಿಟಕಿಯ ಎಡಮೂಲೆಯಲ್ಲಿ, ಸೂರಿನ ಹತ್ತಿರ, ಬೇರೆಯೇ ಒಂದು ಕಲೆ. ಚಿಮಣಿ ಮುಂದೆ ಚಾಚಿಕೊಂಡ ಭಾಗದಲ್ಲಿ ಕಂದು ಬಣ್ಣದ ಇನ್ನೊಂದು ಕಲೆ. ಗೋಡೆಯ ಬುಡದ ಮರದ ಸ್ಕರ್ಟಿಂಗ್ ಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೂ ಹೋಯಿತು.

ತೇವ ನಿಲ್ಲಿಸುವ ಕೆಲಸ ಮಾಡುವ ಒಂದು ಕಂಪನಿಯವರನ್ನು ಕರೆಸಿದೆವು. ಬಂದವರು ಎರಡು ಸೂಜಿಯ ಮೀಟರ್ ಒತ್ತಿದರು, ಅದು ಕಿರ್ ಎಂದಿತು. ನೆಲದ ನೀರು ಮೇಲೇರುತ್ತಿದೆ, ಗೋಡೆಯ ಬುಡಕ್ಕೆ ಕೆಮಿಕಲ್ ಚುಚ್ಚಬೇಕು, ಒಳಗೆ ನೀರು ಬಿಡದ ಸಿಮೆಂಟ್ ಪ್ಲಾಸ್ಟರ್ ಹಾಕಬೇಕು ಎಂದು ಮೂರು ಸಾವಿರ ಪೌಂಡಿಗಿಂತ ಜಾಸ್ತಿ ಅಂದಾಜು ಕೊಟ್ಟು ಹೋದರು. ಆ ಮೀಟರ್ ಅಳೆಯುವುದು ಎರಡು ಸೂಜಿಗಳ ನಡುವೆ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಅನ್ನುವುದನ್ನು. ಅದನ್ನು ಮರಕ್ಕೆಂದು ಮಾಡಿದ್ದು. ಗೋಡೆಯಲ್ಲಿ ಉಪ್ಪಿದ್ದರೆ ನೀರು ಕಡಿಮೆಯಿದ್ದರೂ ಅಂಕಿ ಜೋರಾಗಿ ಏರುತ್ತದೆ. ಮೀಟರನ್ನು ಪೂರ್ತಿ ನಂಬಬೇಡಿ ಅಂತಲ್ಲ. ಅದು ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಎಂದು ತೋರಿಸಲು ಚೆನ್ನಾಗಿದೆ. ಯಾಕೆ ಅನ್ನುವುದನ್ನು ಅದು ಹೇಳಲಾರದು. ಅದಕ್ಕೆ ಜೋರು ಮಳೆ ಬರುವಾಗ ಕೊಡೆ ಹಿಡಿದು ಹೊರಗೆ ನಿಂತು ಮನೆಯನ್ನು ನೋಡಬೇಕು. ನಾವು ಅದನ್ನೇ ಮಾಡಿದೆವು.

ಈ ಗೋಡೆ ಕೆಲಸ ಮಾಡುವ ರೀತಿ

ಇಲ್ಲಿ 1920ರ ದಶಕದಿಂದ ಈಚೆಗೆ ಕಟ್ಟಿದ ಮನೆಗಳಿಗೆ ಸಾಮಾನ್ಯವಾಗಿ ಎರಡು ಪದರದ ಹೊರಗೋಡೆ, ನಡುವೆ ಖಾಲಿ ಜಾಗ. ಹೊರಪದರ ನೆನೆದರೂ ಒಳಪದರ ಒಣಗಿರುತ್ತದೆ. ಅದಕ್ಕಿಂತ ಹಳೆಯವು ಹೆಚ್ಚಾಗಿ ಗಟ್ಟಿ ಗೋಡೆಗಳು. ಒಂದು ಇಟ್ಟಿಗೆಯ ಉದ್ದವೇ ಗೋಡೆಯ ದಪ್ಪ, ಅಂದರೆ ಒಂಬತ್ತು ಇಂಚು. ಮಳೆಗೆ ಈ ಗೋಡೆ ನೆನೆಯುತ್ತದೆ, ನೆನೆಯಲೆಂದೇ ಇದೆ. ಇಟ್ಟಿಗೆ ಸ್ವಲ್ಪ ನೀರು ಹೀರುತ್ತದೆ, ಸಂದಿನ ಸುಣ್ಣದ ಗಾರೆ ಇನ್ನೂ ಜಾಸ್ತಿ ಹೀರುತ್ತದೆ. ಮಳೆ ನಿಂತು ಗಾಳಿ ಬೀಸಿದಾಗ ಆ ನೀರು ಮೃದುವಾದ ಸಂದಿನಿಂದಲೇ ಹೊರಗೆ ಹೋಗುತ್ತದೆ. ಒಳಗಡೆ ಸುಣ್ಣದ ಪ್ಲಾಸ್ಟರ್ ಇದ್ದರೆ ಅಲ್ಲಿಂದಲೂ ಒಣಗುತ್ತದೆ. ನೆನೆಯುವುದಕ್ಕಿಂತ ಒಣಗುವುದು ಬೇಗ ಆಗುವವರೆಗೆ ಗೋಡೆಗೆ ಏನೂ ತೊಂದರೆಯಿಲ್ಲ.

ಈ ಲೆಕ್ಕ ತಪ್ಪಿದ್ದು ಸಿಮೆಂಟಿನಿಂದ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ 1824ರಲ್ಲಿ ಪೇಟೆಂಟ್ ಪಡೆದ ಜೋಸೆಫ್ ಆಸ್ಪ್‌ಡಿನ್ ಇದೇ ಲೀಡ್ಸ್‌ನಲ್ಲಿ ಇಟ್ಟಿಗೆ ಕೆಲಸ ಮಾಡುತ್ತಿದ್ದವರು. ಹಾಗಿದ್ದೂ ಅದಾಗಿ ಮುಕ್ಕಾಲು ಶತಮಾನ ಕಳೆದ ಮೇಲೆ ನಮ್ಮ ಮನೆ ಕಟ್ಟಿದವರು ಸುಣ್ಣದ ಗಾರೆಯನ್ನೇ ಬಳಸಿದ್ದಾರೆ. ಸಿಮೆಂಟ್ ಬಂದಿದ್ದು ಆಮೇಲಿನ ರಿಪೇರಿಗಳಲ್ಲಿ. ಯಾರೋ ಹೊರಗಡೆ ಸಂದುಗಳನ್ನೆಲ್ಲ ಗಟ್ಟಿ ಸಿಮೆಂಟಿನಿಂದ ತುಂಬಿದ್ದರು. ಗಟ್ಟಿ ಸಿಮೆಂಟಿಗೂ ಮೃದು ಇಟ್ಟಿಗೆಗೂ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬೀಳುತ್ತದೆ. ನೀರು ಅಲ್ಲಿಂದ ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿ ಇಟ್ಟಿಗೆಯ ಮುಖ ಮಾತ್ರ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಇಟ್ಟಿಗೆಯ ಮುಖವೇ ಚಕ್ಕೆಯಾಗಿ ಉದುರುತ್ತದೆ. ನಮ್ಮ ಗೋಡೆಯಲ್ಲಿ ಇಟ್ಟಿಗೆ ಒಳಗೆ ಸವೆದು, ಸಿಮೆಂಟಿನ ಸಂದು ಮಾತ್ರ ಪಟ್ಟಿಯಂತೆ ಮುಂದೆ ನಿಂತಿದ್ದ ಜಾಗಗಳು ಎಷ್ಟೋ ಇದ್ದವು. ಸಂದು ಸವೆಯಬೇಕು, ಇಟ್ಟಿಗೆ ಉಳಿಯಬೇಕು. ಇಲ್ಲಿ ತಿರುಗುಮುರುಗಾಗಿತ್ತು.

ಮೊದಲು ಹೊರಗಡೆ

ಮಳೆಯಲ್ಲಿ ನಿಂತು ನೋಡಿದಾಗ ನೀರಿನ ದಾರಿಗಳು ಒಂದೊಂದಾಗಿ ಕಂಡವು. ಮೊದಲನೆಯದು ಮೇಲಿನ ಗಟರ್, ಅಂದರೆ ಮಾಡಿನ ಅಂಚಿನಲ್ಲಿ ಮಳೆನೀರು ಹಿಡಿಯುವ ದೋಣಿ. ಲೀಡ್ಸ್ ಇರುವ ಈ ಯಾರ್ಕ್‌ಶೈರ್ ಕಡೆಯ ಹಳೆ ಮನೆಗಳಿಗೆ ಮರದ ಗಟರ್ ಇರುತ್ತದೆ, ಕಲ್ಲಿನ ಚಾಚುಗಳ ಮೇಲೆ ಕೂರಿಸಿದ ಕೊರೆದ ಮರ. ನಮ್ಮದರ ಒಂದು ಜೋಡಣೆ ಕೊಳೆತು, ನೀರು ಸರಿಯಾಗಿ ಕಿಟಕಿಯ ಎಡಮೂಲೆಗೇ ಸುರಿಯುತ್ತಿತ್ತು. ಸೂರಿನ ಹತ್ತಿರದ ಕಲೆಗೆ ಕಾರಣ ಅದೇ. ಎರಡನೆಯದು ಮುಂದಿನ ಪುಟ್ಟ ಅಂಗಳದ ಕಾಂಕ್ರೀಟ್. ಮನೆ ಕಟ್ಟಿದವರು ನೆಲದಿಂದ ಸ್ವಲ್ಪ ಮೇಲೆ, ಇಟ್ಟಿಗೆಯ ಎರಡು ವರಸೆಗಳ ನಡುವೆ, ತೇವ ತಡೆಯಲು ಸ್ಲೇಟ್ ಕಲ್ಲಿನ ತೆಳು ಪದರ ಕೂರಿಸಿದ್ದಾರೆ. ಹೊರಗಿನ ನೆಲ ಆ ಪದರಕ್ಕಿಂತ 150 ಮಿ.ಮೀ. ಕೆಳಗಿರಬೇಕು ಅನ್ನುವುದು ಇಲ್ಲಿನ ನಿಯಮ. ಕಾಂಕ್ರೀಟ್ ಮೇಲೆ ಕಾಂಕ್ರೀಟ್ ಹಾಕಿಕೊಂಡು ಬಂದು ನಮ್ಮಲ್ಲಿ ಸ್ಲೇಟ್ ಪದರವೇ ಹೂತುಹೋಗಿತ್ತು. ತೇವ ತಡೆಯುವ ಪದರ ಕೆಟ್ಟಿರಲೇ ಇಲ್ಲ. ಅದನ್ನು ದಾಟಿ ಹೋಗಲು ನೀರಿಗೆ ಪಕ್ಕದಲ್ಲೇ ದಾರಿ ಮಾಡಿಕೊಟ್ಟಿದ್ದರು, ಅಷ್ಟೇ. ಇಂಥ ಗೋಡೆಗೆ ಕೆಮಿಕಲ್ ಚುಚ್ಚಿದರೂ ನೀರು ಅದರ ಮೇಲಿನಿಂದಲೇ ಬರುತ್ತದೆ.

ಗಟರ್ ಕೆಲಸಕ್ಕೆ ಆಳುಗಳನ್ನು ಹಿಡಿದೆವು. ಎತ್ತರದ ಕೆಲಸ, ಫುಟ್‌ಪಾತ್ ಮೇಲೆ ಸ್ಕ್ಯಾಫೋಲ್ಡಿಂಗ್ ನಿಲ್ಲಿಸಲು ನಗರ ಕೌನ್ಸಿಲ್ಲಿನ ಅನುಮತಿ ಬೇಕು. ಅದನ್ನು ಸ್ಕ್ಯಾಫೋಲ್ಡಿಂಗ್‌ನವರೇ ತರುತ್ತಾರೆ. ಇಲ್ಲೊಂದು ವಿಷಯ ಗೊತ್ತಿರಲಿ. ಎರಡು ವರ್ಷವೋ ಅದಕ್ಕಿಂತ ಜಾಸ್ತಿಯೋ ಖಾಲಿಯಿದ್ದ ಮನೆಯ ರಿಪೇರಿಗೆ ವ್ಯಾಟ್ 20 ಪರ್ಸೆಂಟ್ ಬದಲು 5 ಪರ್ಸೆಂಟ್. ಮನೆ ಖಾಲಿಯಿತ್ತು ಅನ್ನುವುದಕ್ಕೆ ಕೌನ್ಸಿಲ್ಲಿನಿಂದ ಪತ್ರ ತೆಗೆದುಕೊಳ್ಳಬಹುದು. ವ್ಯಾಟ್ ನೋಂದಣಿ ಇರುವ ಕಾಂಟ್ರಾಕ್ಟರ್ ಮಾಡಿದ ಕೆಲಸಕ್ಕೆ, ಅವರೇ ತಂದು ಹಾಕಿದ ಸಾಮಾನಿಗೆ ಮಾತ್ರ ಇದು ಸಿಗುತ್ತದೆ. ನಾವೇ ಅಂಗಡಿಯಿಂದ ತಂದರೆ ಪೂರ್ತಿ 20 ಪರ್ಸೆಂಟ್ ಕೊಡಬೇಕು. ಆಳುಗಳ ಕೈಲಿ ಮಾಡಿಸುವುದು ಯಾವುದು, ನಾವೇ ಮಾಡುವುದು ಯಾವುದು ಎಂದು ಭಾಗ ಮಾಡುವಾಗ ಈ ವ್ಯತ್ಯಾಸವನ್ನೂ ಲೆಕ್ಕಕ್ಕೆ ಹಿಡಿದೆವು.

ಅಂಗಳದ ಕಾಂಕ್ರೀಟನ್ನು ನಾವೇ ಒಡೆದೆವು. ಗೋಡೆಗುಂಟ ಒಂದಡಿ ಅಗಲದ ಪಟ್ಟಿ, ಸ್ಲೇಟ್ ಪದರಕ್ಕಿಂತ 150 ಮಿ.ಮೀ. ಕೆಳಗೆ ಹೋಗುವಷ್ಟು ಆಳ. ಅಲ್ಲಿ ಜಲ್ಲಿ ತುಂಬಿದೆವು, ಬೀದಿ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟೆವು. ನೆಲಮಾಳಿಗೆಯ ಗೋಡೆ ಅಲ್ಲೇ ಕೆಳಗಿರುವುದರಿಂದ ಅದಕ್ಕಿಂತ ಆಳಕ್ಕೆ ಅಗೆಯಲಿಲ್ಲ. ಒಡೆಯುವಾಗ ಹಳೆ ಕಲ್ಲಿದ್ದಲು ಕಿಂಡಿ ಸಿಕ್ಕಿತು. ಬೀದಿಯಿಂದ ಗಾಡಿಯವನು ಕಲ್ಲಿದ್ದಲನ್ನು ನೇರ ನೆಲಮಾಳಿಗೆಗೆ ಸುರಿಯುತ್ತಿದ್ದ ಕಿಂಡಿ. ಅದನ್ನು ಕಾಂಕ್ರೀಟ್ ಹಾಕಿ ಮುಚ್ಚಿಬಿಟ್ಟಿದ್ದರು. ನೆಲಮಾಳಿಗೆಗೆ ಗಾಳಿ ಹೋಗುತ್ತಿದ್ದದ್ದು ಬಹುಪಾಲು ಅದರಿಂದಲೇ. ಅದನ್ನು ತೆಗೆದು ಕಬ್ಬಿಣದ ಜಾಲರಿ ಕೂರಿಸಿದೆವು. ಇಡೀ ಮನೆ ರಿಪೇರಿಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಪ್ರಯೋಜನ ಕೊಟ್ಟ ಕೆಲಸ ಇನ್ನೊಂದಿಲ್ಲ.

ಆಮೇಲೆ ಸಂದುಗಳು. ಇದು ನಿಧಾನದ ಕೆಲಸ, ನನಗೆ ತುಂಬಾ ಇಷ್ಟವಾದ ಕೆಲಸ ಕೂಡ. ಗ್ರೈಂಡರ್ ಹಿಡಿದರೆ ಬೇಗ ಆಗುತ್ತದೆ, ಆದರೆ ಕೈ ಒಂದು ಚೂರು ಜಾರಿದರೆ ಇಟ್ಟಿಗೆಯ ಅಂಚು ಹೋಯಿತು. ಆ ಅಂಚು ಮತ್ತೆ ಬರುವುದಿಲ್ಲ. ನಾವು ಬಳಸಿದ್ದು ಸಂದಿಗೆಂದೇ ಮಾಡಿದ ತೆಳು ಬಾಯಿಯ ಉಳಿ ಮತ್ತು ಭಾರದ ಸುತ್ತಿಗೆ. ಸಂದಿನ ಮಧ್ಯಕ್ಕೆ ಉಳಿ ಇಟ್ಟು ಹೊಡೆದರೆ ಸಿಮೆಂಟ್ ಒಂದು ಬೆರಳುದ್ದದ ತುಂಡಾಗಿ ಹಾರುತ್ತದೆ, ಹಿಂದೆ ಮೂಲದ ಸುಣ್ಣದ ಗಾರೆ ಕಾಣಿಸುತ್ತದೆ. ತಿಳಿ ಹಳದಿ ಬಣ್ಣ, ಒಳಗೆ ಕಪ್ಪು ಬೂದಿಯ ಚುಕ್ಕೆಗಳು, ನಡುನಡುವೆ ಸರಿಯಾಗಿ ಕಲೆಯದ ಸುಣ್ಣದ ಬಿಳಿ ಗುಳಿಗೆ. ಅದನ್ನು 25 ಮಿ.ಮೀ. ಆಳಕ್ಕೆ ಕೆರೆದು, ಬ್ರಷ್ ಹೊಡೆದು, ನೀರು ಚಿಮುಕಿಸಿ, ಹೊಸ ಗಾರೆಯನ್ನು ಹಿಂದಕ್ಕೆ ಒತ್ತಿ ಒತ್ತಿ ತುಂಬಬೇಕು. ಮೇಲಿನಿಂದ ಸವರಿ ಬಿಟ್ಟರೆ ಹಿಂದೆ ಟೊಳ್ಳು ಉಳಿಯುತ್ತದೆ. ಸ್ವಲ್ಪ ಗಟ್ಟಿಯಾದ ಮೇಲೆ ಒರಟು ಬ್ರಷ್‌ನಿಂದ ತಟ್ಟಬೇಕು. ತಟ್ಟಿದಾಗ ಮೇಲಿನ ನುಣುಪು ಹೋಗಿ ಮರಳು ಕಾಣುತ್ತದೆ, ಒಣಗಲು ಜಾಗ ಜಾಸ್ತಿ ಸಿಗುತ್ತದೆ. ಆಮೇಲೆ ಒದ್ದೆ ಗೋಣಿಬಟ್ಟೆ ಇಳಿಬಿಡಬೇಕು.

ಚಕ್ಕೆಯೆದ್ದು ತೀರಾ ಹಾಳಾದ ಇಟ್ಟಿಗೆಗಳನ್ನು ಬದಲಿಸಬೇಕಿತ್ತು. ಈಗಿನ ಬ್ರಿಟಿಷ್ ಇಟ್ಟಿಗೆಯ ಎತ್ತರ 65 ಮಿ.ಮೀ. ನಮ್ಮ ಮನೆಯದು ಸುಮಾರು ಮೂರು ಇಂಚು. ಹೊಸದು ಹಾಕಿದರೆ ವರಸೆ ಕೂಡುವುದೇ ಇಲ್ಲ. ಕೆಡವಿದ ಹಳೆ ಮನೆಗಳ ಸಾಮಾನು ಮಾರುವ ಯಾರ್ಡಿಗೆ ಅಳತೆ ಬರೆದುಕೊಂಡು ಹೋಗಿ, ಒಂದೊಂದನ್ನೇ ತಟ್ಟಿ ಸದ್ದು ಕೇಳಿ ಆರಿಸಿ ತಂದೆವು.

ಇದೆಲ್ಲ ಮುಗಿದಿದ್ದು ಸೆಪ್ಟೆಂಬರಿನಲ್ಲಿ. ಚಳಿ 5 ಡಿಗ್ರಿಗಿಂತ ಕೆಳಗೆ ಹೋದರೆ ಸುಣ್ಣದ ಕೆಲಸ ಮಾಡಬಾರದು, ಹಿಮ ಬಿದ್ದರೆ ಹೊಸ ಗಾರೆ ಉದುರಿಹೋಗುತ್ತದೆ. ಆ ಮೇಲೆ ಕಾಯುವುದು. ನೆಂದ ಗೋಡೆ ತಿಂಗಳಿಗೆ ಒಂದು ಇಂಚು ಒಣಗುತ್ತದೆ ಅನ್ನುವುದು ಇಲ್ಲಿನ ಕೆಲಸದವರ ಲೆಕ್ಕ. ಒಂಬತ್ತು ಇಂಚಿಗೆ ಒಂಬತ್ತು ತಿಂಗಳು. ಹೊಸದಾಗಿ ಬಂದವರಿಗೆ ಅವಸರ ಇರುತ್ತದೆ. ಬಾಡಿಗೆ ಒಂದು ಕಡೆ, ಸಾಲದ ಕಂತು ಇನ್ನೊಂದು ಕಡೆ. ಆದರೆ ಈ ಕಾಯುವಿಕೆಯನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ನಾವು ಹಿಂದಿನ ಎರಡು ಕೋಣೆ ಸರಿಮಾಡಿಕೊಂಡು ಅಲ್ಲೇ ಇದ್ದೆವು, ಮುಂದಿನ ಕೋಣೆಯನ್ನು ಒಣಗಲು ಬಿಟ್ಟೆವು.

ಕಿತ್ತುಹಾಕುವ ಮೊದಲು

ಒಳಗಡೆ ಪ್ಲಾಸ್ಟರ್ ಕೀಳುವ ಮೊದಲು ನಿಜವಾಗಿ ಮಾಡಲೇಬೇಕಾದ ಕೆಲಸ ಒಂದಿದೆ, ಆಸ್ಬೆಸ್ಟಾಸ್ ಪರೀಕ್ಷೆ. ಅದರ ನಾರಿನ ಧೂಳು ಉಸಿರಿನೊಳಗೆ ಹೋದರೆ ಶ್ವಾಸಕೋಶಕ್ಕೆ ಅಪಾಯ. ಬ್ರಿಟನ್ನಿನಲ್ಲಿ ಆಸ್ಬೆಸ್ಟಾಸ್ ಪೂರ್ತಿ ನಿಷೇಧವಾಗಿದ್ದು 1999ರಲ್ಲಿ. ಅದಕ್ಕಿಂತ ಮೊದಲು ರಿಪೇರಿಯಾದ ಯಾವ ಮನೆಯಲ್ಲಾದರೂ ಇರಬಹುದು. ನಮ್ಮ ಕೋಣೆಯ ಸೂರಿಗೆ ಆರ್ಟೆಕ್ಸ್ ಎಂಬ ದಪ್ಪ ಲೇಪವನ್ನು ಸುತ್ತುಸುತ್ತಿನ ಚಿತ್ತಾರವಾಗಿ ಬಳಿದಿದ್ದರು. ಹಳೆಯ ಆರ್ಟೆಕ್ಸ್‌ನಲ್ಲಿ ಬಿಳಿ ಆಸ್ಬೆಸ್ಟಾಸ್ ಬೆರೆಸುತ್ತಿದ್ದರು. ಮಾನ್ಯತೆ ಇರುವ ಲ್ಯಾಬಿಗೆ ಮಾದರಿ ಕಳಿಸಿ, ಇದೆ ಎಂದು ಗೊತ್ತಾದ ಮೇಲೆ ಆ ಸೂರನ್ನು ಮುಟ್ಟಲೇ ಇಲ್ಲ. ಕೆರೆಯದೆ, ತೂತು ಹೊಡೆಯದೆ, ಮೇಲೆ ಬಣ್ಣ ಹೊಡೆದು ಹಾಗೇ ಉಳಿಸಿದೆವು. ಮರದ ಮೇಲಿನ ಹಳೆ ಬಣ್ಣದಲ್ಲಿ ಸೀಸ ಇರುತ್ತದೆ. ಅದನ್ನು ಒಣಗಿದ್ದಾಗ ಸ್ಯಾಂಡ್‌ಪೇಪರ್ ಹಾಕಿ ಉಜ್ಜಬಾರದು. ಮನೆಯಲ್ಲಿ ಮಗು ಇದ್ದರಂತೂ ಈ ಎರಡು ವಿಷಯದಲ್ಲಿ ಸ್ವಲ್ಪವೂ ಸಡಿಲ ಬಿಡಬೇಡಿ.

ಇನ್ನೊಂದು, ಕಟ್ಟಡ ನಿಯಮ. ಒಂದು ಹೊರಗೋಡೆಯ ಅರ್ಧಕ್ಕಿಂತ ಜಾಸ್ತಿ ಪ್ಲಾಸ್ಟರ್ ಕಿತ್ತು ಹೊಸದು ಮಾಡಿದರೆ ಅದು ಬರೀ ಪ್ಲಾಸ್ಟರ್ ಕೆಲಸ ಅಲ್ಲ. ಆ ಗೋಡೆಯಿಂದ ಶಾಖ ಸೋರುವುದನ್ನೂ ಕಡಿಮೆ ಮಾಡಬೇಕು ಎಂದು ನಿಯಮಗಳ ಪಾರ್ಟ್ ಎಲ್ ಹೇಳುತ್ತದೆ. ಕೌನ್ಸಿಲ್ಲಿನ ಬಿಲ್ಡಿಂಗ್ ಕಂಟ್ರೋಲ್ ವಿಭಾಗಕ್ಕೆ ಮೊದಲೇ ತಿಳಿಸಿದೆವು. ಗ್ಯಾಸ್ ಕೆಲಸವನ್ನು ಗ್ಯಾಸ್ ಸೇಫ್ (ಗ್ಯಾಸ್ ಕೆಲಸದವರ ಅಧಿಕೃತ ಪಟ್ಟಿ) ನೋಂದಣಿ ಇರುವವರೇ ಮಾಡಬೇಕು, ಅದು ಕಾನೂನು. ವಿದ್ಯುತ್ತಿಗೆ ಹೊಸ ಸರ್ಕ್ಯೂಟ್ ಎಳೆಯುವುದಿದ್ದರೆ ನೋಂದಾಯಿತ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ ಸರ್ಟಿಫಿಕೇಟ್ ಇಟ್ಟುಕೊಳ್ಳುವುದು ಒಳ್ಳೆಯದು; ಮನೆ ಮಾರುವಾಗ ಕೇಳುತ್ತಾರೆ. ಪ್ಲಾಸ್ಟರ್ ಮುಗಿದ ಮೇಲೆ ಗೋಡೆ ಕೊರೆಯುವಂತಾಗಬಾರದು ಎಂದು ಇವೆರಡನ್ನೂ ಮೊದಲೇ ಮುಗಿಸಿದೆವು.

ಪ್ಲಾಸ್ಟರ್ ಕೀಳುವುದು ಧೂಳಿನ ಕೆಲಸ, ಅದರಲ್ಲಿ ಹೇಳುವಂಥದ್ದೇನಿಲ್ಲ. ಒಳ್ಳೆ ಮಾಸ್ಕ್, ಕನ್ನಡಕ, ಬಾಗಿಲಿಗೆ ಪ್ಲಾಸ್ಟಿಕ್ ಪರದೆ. ಜಿಪ್ಸಂ ಪ್ಲಾಸ್ಟರ್ ಚೂರುಗಳನ್ನು ಬೇರೆ ಕಸದ ಜೊತೆ ಸ್ಕಿಪ್ಪಿಗೆ (ಬಾಡಿಗೆಗೆ ತರುವ ದೊಡ್ಡ ಕಸದ ತೊಟ್ಟಿಗೆ) ಹಾಕುವ ಹಾಗಿಲ್ಲ. ಬೇರೆ ಚೀಲಗಳಲ್ಲಿ ಕಟ್ಟಿಡಬೇಕು.

ಕೊಳೆತ ಜಂತೆ

ಸ್ಕರ್ಟಿಂಗ್ ತೆಗೆದು, ಗೋಡೆ ಪಕ್ಕದ ನೆಲದ ಹಲಗೆ ಎತ್ತಿದಾಗ ಜಂತೆಗಳ ತುದಿ ಕಂಡಿತು. ಜಂತೆಗಳು ಹೊರಗೋಡೆಯ ಇಟ್ಟಿಗೆಯೊಳಗೇ ಕೂತಿವೆ. ಆರಂಗುಲದಷ್ಟು ಒಳಗೆ ಹೋಗಿರುವ ಆ ತುದಿ ವರ್ಷಗಟ್ಟಲೆ ಒದ್ದೆ ಇಟ್ಟಿಗೆಯಲ್ಲಿ ಕೂತಿತ್ತು, ಕೆಳಗೆ ಗಾಳಿಯೂ ಇರಲಿಲ್ಲ. ಕಿಟಕಿಯ ಕೆಳಗಿನ ಎರಡು ಜಂತೆಗಳ ತುದಿ ಕಪ್ಪಾಗಿ, ಘನಾಕಾರದ ಚೂರುಗಳಾಗಿ ಬಿರುಕು ಬಿಟ್ಟು, ಕೈಯಲ್ಲಿ ಹಿಸುಕಿದರೆ ಪುಡಿಯಾಗುತ್ತಿತ್ತು. ಇಂಥದ್ದು ಕಂಡರೆ ಮೊದಲು ನೋಡಬೇಕಾದ್ದು ಇದು ಯಾವ ಕೊಳೆತ ಅನ್ನುವುದನ್ನು. ಇಟ್ಟಿಗೆಯ ಮೇಲೂ ಪ್ಲಾಸ್ಟರ್ ಹಿಂದೆಯೂ ಬೂದು ಎಳೆಗಳು ಹಬ್ಬಿದ್ದರೆ, ತುಕ್ಕಿನ ಬಣ್ಣದ ಪುಡಿ ಕೂತಿದ್ದರೆ ಅದು ಸೆರ್ಪುಲಾ ಲ್ಯಾಕ್ರಿಮನ್ಸ್ ಎಂಬ ಶಿಲೀಂಧ್ರ, ಗೋಡೆ ದಾಟಿ ಮುಂದಿನ ಮರಕ್ಕೆ ಹೋಗಬಲ್ಲದು. ನಮ್ಮಲ್ಲಿ ಅದ್ಯಾವುದೂ ಇರಲಿಲ್ಲ. ಕೊಳೆತ ಒದ್ದೆ ಇದ್ದಷ್ಟಕ್ಕೆ ನಿಂತಿತ್ತು, ಅದರಾಚೆ ಒಂದು ಗೇಣು ಬಿಟ್ಟರೆ ಮರ ಗಟ್ಟಿ. ನೂರು ವರ್ಷ ದಾಟಿದ ಆ ಪೈನ್ ಮರಕ್ಕೆ ಡ್ರಿಲ್ ಹಾಕಿದಾಗ ರಾಳದ ವಾಸನೆ ಬಂತು.

ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಚಿತ್ರ ಬರೆದುಕೊಟ್ಟರು. ನೆಲಮಾಳಿಗೆಯಿಂದ ಕಬ್ಬಿಣದ ಕಂಬಗಳ ಆಧಾರ ಕೊಟ್ಟು, ಕೊಳೆತ ತುದಿಯನ್ನು ಗಟ್ಟಿ ಮರದವರೆಗೆ ಕೊಯ್ದು ತೆಗೆದೆವು. ಪಕ್ಕದಲ್ಲಿ ಸಿ24 ಎಂಬ ಬಲದ ದರ್ಜೆಯ ಹೊಸ ಮರ ಜೋಡಿಸಿ, ನಡುವೆ ಹಲ್ಲಿನ ಬಿಲ್ಲೆಗಳನ್ನಿಟ್ಟು 12 ಮಿ.ಮೀ. ಬೋಲ್ಟ್ ಹಾಕಿ ಬಿಗಿದೆವು. ಬಿಗಿಯುವಾಗ ಆ ಬಿಲ್ಲೆಯ ಹಲ್ಲು ಎರಡೂ ಮರಕ್ಕೆ ಕಚ್ಚಿಕೊಳ್ಳುವ ಸದ್ದು ಕೇಳುತ್ತದೆ. ಸಂದು ಪೂರ್ತಿ ಮುಚ್ಚುವವರೆಗೆ ಸ್ಪ್ಯಾನರ್ ಬಿಡಬಾರದು. ಹೊಸ ತುದಿ ಈಗ ಇಟ್ಟಿಗೆಯನ್ನು ಮುಟ್ಟುವುದಿಲ್ಲ. ತೇವ ತಡೆಯುವ ಪ್ಲಾಸ್ಟಿಕ್ ಹಾಳೆ ಸುತ್ತಿದೆ, ಸುತ್ತ ಗಾಳಿಗೆ ಜಾಗವಿದೆ.

ಚಿಮಣಿಯ ಕಂದು ಕಲೆಗೆ ಕಾರಣ ಬೇರೆ. ಒಲೆಗೂಡನ್ನು ಇಟ್ಟಿಗೆ ಕಟ್ಟಿ ಮುಚ್ಚಿದ್ದರು, ಮೇಲೆ ಚಿಮಣಿಯ ಬಾಯಿ ತೆರೆದೇ ಇತ್ತು. ಮಳೆ ನೇರ ಒಳಗೆ. ಒಳಗಡೆ ಎಷ್ಟೋ ದಶಕಗಳ ಕಲ್ಲಿದ್ದಲು ಮಸಿ. ಆ ಮಸಿಯ ಉಪ್ಪುಗಳು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ. ಹಾಗಾಗಿ ಮಳೆಯಿಲ್ಲದ ದಿನವೂ ಅಲ್ಲಿ ಒದ್ದೆ. ಮೇಲೆ ಗಾಳಿಯಾಡುವ ಟೊಪ್ಪಿಗೆ ಹಾಕಿಸಿದೆವು, ಚಿಮಣಿ ಗುಡಿಸಿದೆವು, ಮುಚ್ಚಿದ ಗೂಡಿಗೆ ಕೆಳಗೆ ಗಾಳಿಕಿಂಡಿ ಬಿಟ್ಟೆವು, ಉಪ್ಪು ಹಿಡಿದ ಪ್ಲಾಸ್ಟರನ್ನೆಲ್ಲ ತೆಗೆದೆವು. ಚಿಮಣಿಯ ಚಾಚನ್ನೇ ಒಡೆದು ಜಾಗ ಮಾಡಿಕೊಳ್ಳಿ ಎಂದು ಸಲಹೆ ಕೊಟ್ಟವರಿದ್ದರು. ಅದು ಪಕ್ಕದವರ ಜೊತೆ ಹಂಚಿಕೊಂಡ ಗೋಡೆ. 1996ರ ಪಾರ್ಟಿ ವಾಲ್ ಕಾಯ್ದೆಯ ಪ್ರಕಾರ ಎರಡು ತಿಂಗಳು ಮುಂಚೆ ನೋಟಿಸ್ ಕೊಡಬೇಕು. ಅದು ಹೋಗಲಿ, ಅಷ್ಟು ಇಟ್ಟಿಗೆ ತೆಗೆದು ಮೇಲಿನ ಭಾರಕ್ಕೆ ಉಕ್ಕಿನ ತೊಲೆ ಕೊಡುವಷ್ಟು ಜಾಗವೇನೂ ಸಿಗುವುದಿಲ್ಲ. ಬಿಟ್ಟೆವು.

ಸುಣ್ಣದ ಗಾರೆ

ಮುಂದಿನ ಬೇಸಿಗೆಗೆ ಗೋಡೆ ಒಣಗಿತ್ತು. ಈಗ ಶಾಖದ ಲೆಕ್ಕ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಲ್ಲಿ ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಪ್ರತಿ ಚದರ ಮೀಟರಿಗೆ ಸುಮಾರು 2 ವಾಟ್ ಶಾಖ ಹೊರಗೆ ಹೋಗುತ್ತದೆ. ನಿಯಮದ ಗುರಿ 0.30 ವಾಟ್. ಅಷ್ಟಕ್ಕೆ ಇಳಿಸಬೇಕಾದರೆ ಒಳಗಡೆ ತುಂಬಾ ದಪ್ಪದ ಪದರ ಬೇಕು. ಆಗ ಇಟ್ಟಿಗೆಗೆ ಮನೆಯ ಬಿಸಿ ತಲುಪುವುದೇ ಇಲ್ಲ. ಇಟ್ಟಿಗೆ ತಣ್ಣಗಾಗಿ ಒಣಗುವುದು ನಿಧಾನವಾಗುತ್ತದೆ, ಜಂತೆಯ ತುದಿಗೆ ಮತ್ತೆ ಅಪಾಯ. ಹಳೆ ಗೋಡೆಗೆ ತೇವದ ಅಪಾಯ ಬರುವಂತಿದ್ದರೆ ಗುರಿಯನ್ನು ಸಡಿಲಿಸಲು ನಿಯಮದಲ್ಲೇ ಅವಕಾಶವಿದೆ. ಬಿಲ್ಡಿಂಗ್ ಕಂಟ್ರೋಲ್ ಅಧಿಕಾರಿಯ ಜೊತೆ ಮಾತಾಡಿ 40 ಮಿ.ಮೀ. ಮರನಾರಿನ ಹಲಗೆಗೆ ಒಪ್ಪಿಕೊಂಡೆವು. ಅದರಿಂದ ಸೋರಿಕೆ ಸುಮಾರು 0.7ಕ್ಕೆ ಇಳಿಯುತ್ತದೆ, ಮೂರನೇ ಒಂದು ಭಾಗ. ಮರನಾರು ತೇವವನ್ನು ಹೀರಿ ಮತ್ತೆ ಬಿಡುತ್ತದೆ, ಅದರ ಮೇಲೆ ಸುಣ್ಣದ ಪ್ಲಾಸ್ಟರ್ ಹಿಡಿಯುತ್ತದೆ. ಹಲಗೆಯ ಹಿಂದೆ ಗಾಳಿಗೆ ಟೊಳ್ಳು ಉಳಿಯಬಾರದು. ಹಾಗಾಗಿ ಮೊದಲು ಇಟ್ಟಿಗೆಯ ಮೇಲೆ ಸುಣ್ಣದ ಗಾರೆಯ ಮಟ್ಟದ ಪದರ, ಅದು ಗಟ್ಟಿಯಾದ ಮೇಲೆ ಹಲಗೆ.

ಚಿಮಣಿಯ ಚಾಚಿಗೆ ಹಲಗೆಯಿಲ್ಲ, ಇಟ್ಟಿಗೆಯ ಮೇಲೆ ನೇರ ಪ್ಲಾಸ್ಟರ್. ಸುಣ್ಣ 25 ಕೆಜಿ ಚೀಲದಲ್ಲಿ ಪುಡಿಯಾಗಿ ಬರುತ್ತದೆ. ಎನ್‌ಎಚ್‌ಎಲ್ (ನ್ಯಾಚುರಲ್ ಹೈಡ್ರಾಲಿಕ್ ಲೈಮ್, ನೀರು ಸೇರಿದಾಗಲೂ ಗಟ್ಟಿಯಾಗುವ ಸುಣ್ಣ) 2, 3.5, 5 ಎಂದು ದರ್ಜೆ; ಅಂಕಿ ಜಾಸ್ತಿಯಾದಷ್ಟೂ ಗಟ್ಟಿ. ನಾವು ತಂದದ್ದು 3.5. ಒಂದು ಪಾಲು ಸುಣ್ಣಕ್ಕೆ ಎರಡೂವರೆ ಪಾಲು ಒರಟು ಮರಳು, ಮೊದಲ ಕೋಟಿಗೆ ಸ್ವಲ್ಪ ಪ್ರಾಣಿ ಕೂದಲು. ಕಿತ್ತ ಹಳೆ ಪ್ಲಾಸ್ಟರ್‌ನಲ್ಲೂ ಕೂದಲಿತ್ತು. ನಮ್ಮ ಕಡೆ ಹಳೆ ಕಟ್ಟಡಗಳಿಗೆ ಸುಣ್ಣದ ಜೊತೆ ಬೆಲ್ಲ, ಅಳಲೆಕಾಯಿ ನೀರು ಸೇರಿಸುತ್ತಿದ್ದರು. ಇಲ್ಲಿ ಕೂದಲು. ಸುಣ್ಣ ಮಾತ್ರ ಅದೇ.

ಕಣ್ಣಿಗೆ ಕನ್ನಡಕ ಹಾಕದೆ ಈ ಕೆಲಸಕ್ಕೆ ಇಳಿಯಬೇಡಿ. ಒಂದು ಹನಿ ಸುಣ್ಣ ಕಣ್ಣಿಗೆ ಬಿದ್ದರೂ ಸುಡುತ್ತದೆ. ಕೈಗವಸೂ ಬೇಕು.

ಬೆಳಿಗ್ಗೆ ಗೋಡೆಗೆ ನೀರು ಹೊಡೆಯುತ್ತಿದ್ದೆ. ಅದನ್ನು ನೋಡಿ ನನ್ನ ಗಂಡ, "ಇದೇನೇ, ಮತ್ತೆ ನೀರು ಹಾಕ್ತಿದೀಯಲ್ಲ? ಒಣಗಿಸೋಕೆ ತಾನೇ ಇಷ್ಟೆಲ್ಲ ಮಾಡಿದ್ದು?" ಅಂದರು.

"ಒಣ ಇಟ್ಟಿಗೆ ಗಾರೆಯ ನೀರನ್ನ ಒಂದೇ ಸಲ ಎಳ್ಕೊಂಡ್ಬಿಡುತ್ತೆ ರೀ. ಆಗ ಸುಣ್ಣ ಗಟ್ಟಿ ಆಗಲ್ಲ, ಪುಡಿ ಆಗುತ್ತೆ. ಆ ಬಾಂಡ್ಲಿ ಸ್ವಲ್ಪ ಈ ಕಡೆ ಕೊಡಿ."

ಕೇಳಲು ವಿಚಿತ್ರ ಅನ್ನಿಸಿದರೂ ಸುಣ್ಣಕ್ಕೆ ನೀರು ಬೇಕು. ಸುಣ್ಣದ ಕಲ್ಲನ್ನು 900 ಡಿಗ್ರಿಯ ಆಸುಪಾಸು ಸುಟ್ಟಾಗ ಅದರಲ್ಲಿನ ಕಾರ್ಬನ್ ಡೈಆಕ್ಸೈಡ್ ಹೋಗುತ್ತದೆ. ಗೋಡೆಗೆ ಬಂದ ಮೇಲೆ ಸುಣ್ಣ ಅದನ್ನು ಗಾಳಿಯಿಂದ ಮತ್ತೆ ತೆಗೆದುಕೊಂಡು ಕಲ್ಲಾಗುತ್ತದೆ. ಆ ಕೆಲಸ ತೇವ ಇದ್ದಾಗ ಮಾತ್ರ ನಡೆಯುತ್ತದೆ. ಎನ್‌ಎಚ್‌ಎಲ್ ಸುಣ್ಣ ಒಂದು ಭಾಗ ನೀರಿನಿಂದಲೇ ಗಟ್ಟಿಯಾದರೆ ಉಳಿದದ್ದು ಹೀಗೆ. ಹಾಗಾಗಿ ಬೇಗ ಒಣಗಲಿ ಎಂದು ಹೀಟರ್ ಹಚ್ಚುವುದು, ಗಾಳಿಯ ತೇವ ಎಳೆಯುವ ಡಿಹ್ಯುಮಿಡಿಫೈಯರ್ ಇಡುವುದು ಎರಡೂ ಬೇಡ.

ಕರಣೆಯಿಂದ ಕೆಳಗಿನಿಂದ ಮೇಲಕ್ಕೆ ಒತ್ತಿ ಎಳೆದರೆ ಗಾರೆ ಗೋಡೆಗೆ ಕಚ್ಚುತ್ತದೆ. ಜಿಪ್ಸಂ ಪ್ಲಾಸ್ಟರ್ ಹಾಗೆ ಇದು ಅವಸರ ಮಾಡುವುದಿಲ್ಲ. ಕಲೆಸಿದ್ದು ಗಂಟೆಗಟ್ಟಲೆ ಕೆಲಸಕ್ಕೆ ಬರುತ್ತದೆ, ಸರಿಬರದಿದ್ದರೆ ಕೆರೆದು ಮತ್ತೆ ಹಾಕಬಹುದು. ಕೈಪಳಗದವರಿಗೆ ಇದಕ್ಕಿಂತ ಒಳ್ಳೆಯ ಸಾಮಾನು ಇಲ್ಲ ಅಂತ ನನ್ನ ಅಭಿಪ್ರಾಯ. ಒಂದು ಕೋಟು 8ರಿಂದ 10 ಮಿ.ಮೀ. ಹೆಬ್ಬೆರಳು ಒತ್ತಿದರೆ ತಗ್ಗು ಬೀಳಬಾರದು, ಉಗುರಿನಲ್ಲಿ ಗೀಚಿದರೆ ಗೆರೆ ಮೂಡಬೇಕು. ಆ ಹದ ಬಂದಾಗ ಮೊಳೆ ಹೊಡೆದ ಮರದ ಹಲಗೆಯಿಂದ ವೃತ್ತವೃತ್ತವಾಗಿ ಗೀರುತ್ತೇವೆ. ಮುಂದಿನ ಕೋಟು ಹಿಡಿಯುವುದು ಆ ಗೀರಿಗೆ. ಒಂದು ಮಿ.ಮೀ.ಗೆ ಒಂದು ದಿನದಂತೆ ಕಾದು ಎರಡನೆಯದು, ಕೊನೆಗೆ ಸಣ್ಣ ಮರಳಿನ 3 ಮಿ.ಮೀ. ಕೋಟು. ನಡುವೆ ಕೂದಲೆಳೆಯ ಬಿರುಕು ಕಂಡರೆ ಗಾಬರಿ ಬೇಡ. ನೀರು ಚಿಮುಕಿಸಿ ಮರದ ಹಲಗೆಯಿಂದ ಗಟ್ಟಿಯಾಗಿ ಉಜ್ಜಿದರೆ ಮುಚ್ಚಿಕೊಳ್ಳುತ್ತದೆ.

ಸುಣ್ಣ ಎಷ್ಟು ಕಲ್ಲಾಗಿದೆ ಎಂದು ನೋಡಲು ಒಂದು ಸುಲಭ ಪರೀಕ್ಷೆಯಿದೆ. ಅಂಚಿನಿಂದ ಒಂದು ಚೂರು ಮುರಿದು, ಮುರಿದ ಜಾಗಕ್ಕೆ ಶಾಲೆಯ ಲ್ಯಾಬಿನಲ್ಲಿ ಬಳಸುತ್ತಿದ್ದ ಫಿನಾಲ್ಫ್‌ಥಲೀನ್ ಹನಿ ಹಾಕಬೇಕು. ಇನ್ನೂ ಸುಣ್ಣವಾಗಿ ಉಳಿದ ಭಾಗ ಗಾಢ ಗುಲಾಬಿಯಾಗುತ್ತದೆ, ಕಲ್ಲಾದ ಭಾಗ ಬಣ್ಣ ಬದಲಿಸುವುದಿಲ್ಲ. ಮೊದಲ ಸಲ ನೋಡಿದಾಗ ಹೊರಗಡೆ ಬರೀ ತೆಳು ಗೆರೆ, ಒಳಗೆಲ್ಲ ಗುಲಾಬಿ. ಚಳಿಗಾಲದ ಹೊತ್ತಿಗೆ ಗುಲಾಬಿ ನಡುವೆ ಒಂದು ಪಟ್ಟಿಯಷ್ಟೇ ಉಳಿದಿತ್ತು. ಅಲ್ಲಿಯವರೆಗೆ ಬಣ್ಣಕ್ಕೆ ಕೈ ಹಾಕಲಿಲ್ಲ. ಆಮೇಲೆ ಬಳಿದದ್ದೂ ತೆಳು ಸುಣ್ಣವೇ, ನಾಲ್ಕು ಕೋಟು. ಪ್ಲಾಸ್ಟಿಕ್ ಬೆರೆತ ಎಮಲ್ಷನ್ ಹೊಡೆದರೆ ತೇವ ಹೊರಹೋಗಲು ದಾರಿಯಿಲ್ಲದೆ ಇಷ್ಟೂ ಕೆಲಸ ವ್ಯರ್ಥ.

ಇನ್ನು ಒಳಗಿನ ಆವಿ. ಹೊರಗಿನ ನೀರು ನಿಂತರೂ ನಾವೇ ಒಳಗೆ ನೀರು ಮಾಡುತ್ತೇವೆ ಅಲ್ವಾ? ಅನ್ನ, ಸಾರು, ಕುಕ್ಕರ್, ಒಳಗೆ ಒಣಹಾಕುವ ಬಟ್ಟೆ. 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ಆವಿ ಹಿಡಿಯುತ್ತದೆ, 10 ಡಿಗ್ರಿಯದು 9 ಗ್ರಾಂ ಚಿಲ್ಲರೆ. ಕೋಣೆ 20 ಡಿಗ್ರಿಯಿದ್ದು ಗಾಳಿಯ ತೇವ 60 ಪರ್ಸೆಂಟ್ ಇದ್ದರೆ, 15 ಡಿಗ್ರಿಗೆ ಇಳಿದ ಗೋಡೆಯ ಹತ್ತಿರ ಅದು 80 ದಾಟುತ್ತದೆ. ಬೂಷ್ಟು ಹಿಡಿಯಲು ಅಷ್ಟು ಸಾಕು. ಹೊರಗೆ ಸೊನ್ನೆ ಇದ್ದಾಗ ಬರೀ ಇಟ್ಟಿಗೆ ಗೋಡೆಯ ಒಳಮೈ 14-15 ಡಿಗ್ರಿಯಲ್ಲಿರುತ್ತದೆ, ಮರನಾರು ಹಾಕಿದ ಮೇಲೆ 18ರ ಹತ್ತಿರ. ಅಡುಗೆಮನೆಗೆ ಒಲೆಯ ಮೇಲೆಯೇ ಸೆಕೆಂಡಿಗೆ 30 ಲೀಟರ್ ಗಾಳಿ ಎಳೆದು ಹೊರಗೆ ಬಿಡುವ ಫ್ಯಾನ್, ಬಚ್ಚಲಿಗೆ 15 ಲೀಟರಿನದು. ಒಗ್ಗರಣೆ ಹೊಗೆಯನ್ನು ಫಿಲ್ಟರ್ ಮಾಡಿ ಮತ್ತೆ ಒಳಗೇ ಬಿಡುವ ಫ್ಯಾನುಗಳು ಅಂಗಡಿಯಲ್ಲಿ ಜಾಸ್ತಿ ಸಿಗುತ್ತವೆ. ಅವು ಎಣ್ಣೆ ಹಿಡಿಯುತ್ತವೆ, ಆವಿಯನ್ನಲ್ಲ. ನಮ್ಮ ಥರ ಅಡುಗೆ ಮಾಡುವ ಮನೆಗೆ ಗೋಡೆ ಕೊರೆದು ಕೊಳವೆ ಹೊರಗೆ ಬಿಡುವಂಥದ್ದೇ ಬೇಕು.

ಜಂತೆಯ ತುದಿಗೆ ಎರಡು ಸ್ಕ್ರೂ ಹಾಕಿ ತಂತಿ ಎಳೆದು ನೆಲಮಾಳಿಗೆಯಲ್ಲಿ ಬಿಟ್ಟಿದ್ದೇನೆ. ಹಲಗೆ ಎತ್ತದೆ ಮೀಟರ್ ಹಿಡಿದು ಮರದ ತೇವ ಓದಬಹುದು. 20 ಪರ್ಸೆಂಟ್ ದಾಟಿದರೆ ಮರ ಕೊಳೆಯುವ ಭಯ. ಈಗ ಕಳೆದ ಚಳಿಗಾಲದ ಮಳೆಯ ನಂತರವೂ 16ರಲ್ಲಿ ನಿಂತಿದೆ. ಮುಂದಿನ ಕೆಲಸ ಮಹಡಿಯ ಮುಂದಿನ ಕೋಣೆ. ಗೋಡೆ ಅದೇ, ನೆಲದ ನೀರಿನ ಕಾಟ ಅಲ್ಲಿಲ್ಲ. ಆದರೆ ಸೂರಿಗೂ ಆರ್ಟೆಕ್ಸ್ ಇದೆ, ಅದರ ಮಾದರಿಯನ್ನು ಲ್ಯಾಬಿಗೆ ಕಳಿಸಿಯಾಗಿದೆ. ಮರಳು, ಸುಣ್ಣ ತಂದು ನೆಲಮಾಳಿಗೆಯಲ್ಲಿ ಹಲಗೆಯ ಮೇಲೆ ಪೇರಿಸಿದ್ದೇವೆ. ರಾತ್ರಿಯ ಚಳಿ 5 ಡಿಗ್ರಿಗಿಂತ ಮೇಲೆ ನಿಂತ ಕೂಡಲೇ ಶುರು.